ಕಡಲಿಲ್ಲದ ಜಿಲ್ಲೆಯಿಂದ ಸಾಗರ ಸಂಶೋಧನಾ ತಂಡಕ್ಕೆ: ದಾವಣಗೆರೆ, ಚಿತ್ರದುರ್ಗದ ವಿದ್ಯಾರ್ಥಿಗಳಿಗೆ ಒಂದು ಕೈಪಿಡಿ

ಸಮುದ್ರದ ಇಂದಿನ ಸ್ಥಿತಿಯನ್ನೂ ಅದರ ಪ್ರಾಚೀನ ಇತಿಹಾಸವನ್ನೂ ಒಟ್ಟಿಗೆ ಅಧ್ಯಯನ ಮಾಡುವ ವಿಶ್ವವಿದ್ಯಾಲಯದ ಸಂಶೋಧನಾ ತಂಡವೊಂದನ್ನು ಸೇರಬೇಕೆಂಬ ಆಸೆಯುಳ್ಳ, ದಾವಣಗೆರೆ ಅಥವಾ ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳಲ್ಲಿ ಬಿ.ಎಸ್ಸಿ. ಓದುತ್ತಿರುವ ವಿದ್ಯಾರ್ಥಿಗಳಿಗಾಗಿ ಈ ಬರಹ. ರಜೆಯಲ್ಲಿ ಗೋಕರ್ಣಕ್ಕೋ ಮಲ್ಪೆಗೋ ಹೋದಾಗ ಮಾತ್ರ ಕಡಲನ್ನು ಕಂಡವರು, ಇಂಥ ತಂಡಕ್ಕೆ ತಾವು ಸಲ್ಲುವುದಿಲ್ಲವೆಂದು ಮೊದಲೇ ಹಿಂಜರಿಯುವುದುಂಟು. ಆ ಹಿಂಜರಿಕೆಗೆ ಕಾರಣವಿಲ್ಲ. ಪ್ರತಿಯೊಂದು ಅಳತೆ ಯಾವ ಸ್ಥಳದ್ದು, ಯಾವ ಆಳದ್ದು, ಯಾವ ಕಾಲದ್ದು, ಅದನ್ನು ಯಾರು ಹೇಗೆ ಅಳೆದರು ಎಂಬುದನ್ನು ತಪ್ಪದೆ ಬರೆದಿಡಬಲ್ಲವರು ತಂಡಕ್ಕೆ ಬೇಕು, ಮತ್ತು ಅಂಥವರು ಕರಾವಳಿಯಲ್ಲೇ ಹುಟ್ಟಬೇಕೆಂದಿಲ್ಲ. ಈ ಅಭ್ಯಾಸವನ್ನು ಊರಿನಲ್ಲಿದ್ದುಕೊಂಡೇ ಬೆಳೆಸಿಕೊಳ್ಳಲು ಏನು ಮಾಡಬೇಕು, ಬಳಿಕ ತಂಡವನ್ನು ಹೇಗೆ ಹುಡುಕಬೇಕು, ಸೇರಿದ ಮೇಲೆ ಮೊದಲ ವರ್ಷವನ್ನು ಹೇಗೆ ಕಳೆಯಬೇಕು ಎಂಬುದನ್ನು ಕ್ರಮವಾಗಿ ನೋಡೋಣ.

ತಂಡದಲ್ಲಿ ಯಾರು ಯಾರಿರುತ್ತಾರೆ

ಸಾಮಾನ್ಯವಾಗಿ ಒಬ್ಬರು ಅಥವಾ ಇಬ್ಬರು ಪ್ರಾಧ್ಯಾಪಕರ ಸುತ್ತ ತಂಡ ಕಟ್ಟಿಕೊಂಡಿರುತ್ತದೆ. ಪಿಎಚ್.ಡಿ. ಮುಗಿಸಿ ಕೆಲಸ ಮುಂದುವರಿಸುತ್ತಿರುವ ಸಂಶೋಧಕರು, ಪಿಎಚ್.ಡಿ. ವಿದ್ಯಾರ್ಥಿಗಳು, ಯೋಜನೆಯೊಂದರ ಅವಧಿಗೆ ಮಾತ್ರ ನೇಮಕಗೊಂಡ ಪ್ರಾಜೆಕ್ಟ್ ಅಸೋಸಿಯೇಟ್‌ಗಳು, ಎಂ.ಎಸ್ಸಿ. ಪ್ರಬಂಧಕ್ಕಾಗಿ ಕೆಲವು ತಿಂಗಳು ಬಂದಿರುವವರು, ಯಂತ್ರಗಳನ್ನು ನೋಡಿಕೊಳ್ಳುವ ಪ್ರಯೋಗಾಲಯದ ಸಿಬ್ಬಂದಿ, ಇವರೆಲ್ಲ ಸೇರಿ ಒಂದು ತಂಡ. ಹೊಸಬರು ಪ್ರಾಧ್ಯಾಪಕರನ್ನು ಮೆಚ್ಚಿಸುವ ಯೋಚನೆಯಲ್ಲಿ ಪ್ರಯೋಗಾಲಯದ ಸಿಬ್ಬಂದಿಯನ್ನು ಕಡೆಗಣಿಸುವುದನ್ನು ಹಲವು ಕಡೆ ಕಾಣಬಹುದು. ವಾಸ್ತವದಲ್ಲಿ ಯಾವ ಯಂತ್ರ ಯಾವಾಗ ಹದ ತಪ್ಪುತ್ತದೆ, ಯಾವ ಹಳೆಯ ಮಾದರಿ ಯಾವ ಕಪಾಟಿನಲ್ಲಿದೆ ಎಂಬುದೆಲ್ಲ ಗೊತ್ತಿರುವುದು ಅವರಿಗೇ.

ಕೆಲಸವನ್ನು ಎರಡು ಕವಲುಗಳಾಗಿ ನೋಡಬಹುದು. ಇಂದಿನ ಸಾಗರವನ್ನು ಅಭ್ಯಸಿಸುವವರು ನೀರಿನ ಉಷ್ಣತೆ, ಲವಣಾಂಶ, ಆಮ್ಲಜನಕ, ಪೋಷಕಾಂಶ ಮತ್ತು ಪ್ರವಾಹಗಳನ್ನು ಹಡಗಿನಿಂದ, ತೇಲುಯಂತ್ರಗಳಿಂದ, ಉಪಗ್ರಹಗಳಿಂದ ಅಳೆಯುತ್ತಾರೆ. ಗತಕಾಲದ ಸಾಗರವನ್ನು ಅಭ್ಯಸಿಸುವವರ ಬಳಿ ಆ ಕಾಲದ ನೀರು ಇಲ್ಲ. ಕಡಲತಳದ ಕೆಸರಿನಲ್ಲಿ ಉಳಿದ ಸೂಕ್ಷ್ಮಜೀವಿಗಳ ಚಿಪ್ಪುಗಳು, ಹವಳ, ಖನಿಜದ ಕಣಗಳು ಮತ್ತು ನೆಲದ ಮೇಲೆ ಉಳಿದ ಪ್ರಾಚೀನ ಶಿಲೆಗಳಿಂದ ಅವರು ಅಂದಿನ ನೀರಿನ ಸ್ಥಿತಿಯನ್ನು ಊಹಿಸಬೇಕು. ಎರಡನೆಯವರ ಊಹೆ ಎಷ್ಟು ಸರಿಯೆಂದು ಪರೀಕ್ಷಿಸಲು ಮೊದಲನೆಯವರ ಅಳತೆಯೇ ಆಧಾರ. ಇಂದಿನ ಅರಬ್ಬಿ ಸಮುದ್ರದಲ್ಲಿ ಒಂದು ಜೀವಿ ಎಷ್ಟು ಉಷ್ಣತೆಯ ನೀರಿನಲ್ಲಿ, ಯಾವ ಋತುವಿನಲ್ಲಿ ಚಿಪ್ಪು ಕಟ್ಟುತ್ತದೆಂದು ತಿಳಿಯದೆ, 20 ಸಾವಿರ ವರ್ಷ ಹಳೆಯ ಚಿಪ್ಪಿನಿಂದ ಉಷ್ಣತೆ ಹೇಳುವುದು ಅಸಾಧ್ಯ. ಈ ಕಾರಣಕ್ಕಾಗಿ ನೀವು ಯಾವ ಕವಲಿಗೆ ಸೇರುವಿರೆಂದು ನಿರ್ಧರಿಸುವ ಮೊದಲು ಎರಡರ ರುಚಿಯನ್ನೂ ನೋಡುವುದು ಒಳ್ಳೆಯದು. ಅದಕ್ಕೆ ಬೇಕಾದ ಸಾಮಗ್ರಿ ನಿಮ್ಮ ಜಿಲ್ಲೆಯಲ್ಲೇ ಇದೆ.

ಮೊದಲ ಅಭ್ಯಾಸ: ಮರಡಿಹಳ್ಳಿಯ ಬಂಡೆಗಳು

ಇಂದಿನ ಸಾಗರಗಳ ತಳದಲ್ಲಿ ಸುಮಾರು 18ರಿಂದ 20 ಕೋಟಿ ವರ್ಷಕ್ಕಿಂತ ಹಳೆಯ ನೆಲ ಬಹುಮಟ್ಟಿಗೆ ಸಿಗುವುದಿಲ್ಲ. ಸಾಗರತಳವು ನೀರೊಳಗಿನ ಪರ್ವತಶ್ರೇಣಿಗಳಲ್ಲಿ ಹೊಸದಾಗಿ ಹುಟ್ಟುತ್ತ, ಅಂಚುಗಳಲ್ಲಿ ಭೂಮಿಯ ಒಡಲಿಗೆ ಮರಳಿ ಇಳಿದುಹೋಗುತ್ತಿರುವುದೇ ಇದಕ್ಕೆ ಕಾರಣ. ಹಾಗಾಗಿ ಅದಕ್ಕಿಂತ ಹಿಂದಿನ ಕಡಲುಗಳನ್ನು ತಿಳಿಯಬೇಕಾದವರು ಹಡಗು ಬಿಟ್ಟು ನೆಲಕ್ಕೆ ಬರಬೇಕು. ಹಾಗೆ ಬರುವವರು ಅರಸಿಕೊಂಡು ಬರುವ ಸ್ಥಳಗಳಲ್ಲಿ ಚಿತ್ರದುರ್ಗದ ಶಿಸ್ಟ್ ಪಟ್ಟಿಯೂ, ಎಂದರೆ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ರೂಪಾಂತರಗೊಂಡ ಪ್ರಾಚೀನ ಶಿಲೆಗಳ ಉದ್ದನೆಯ ಪಟ್ಟಿಯೂ, ಒಂದು. ಭೂವಿಜ್ಞಾನದ ಬರಹಗಳಲ್ಲಿ ಈ ಪಟ್ಟಿಯ ಶಿಲಾಸಮೂಹಗಳು ವಾಣಿವಿಲಾಸ, ಇಂಗಳದಾಳ, ಹಿರಿಯೂರು ಎಂಬ ನಮ್ಮ ಊರುಕೇರಿಗಳ ಹೆಸರನ್ನೇ ಹೊತ್ತಿವೆ.

ಚಿತ್ರದುರ್ಗದಿಂದ ಆಗ್ನೇಯಕ್ಕೆ ಸುಮಾರು 16 ಕಿಲೋಮೀಟರ್ ದೂರದ ಮರಡಿಹಳ್ಳಿಯ ಬಳಿ ದಿಂಬಿನಾಕಾರದ ಲಾವಾಶಿಲೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ತಾಣವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬಿಸಿ ಲಾವಾ ನೀರಿನೊಳಗೆ ಉಕ್ಕಿದಾಗ ಅದರ ಹೊರಮೈ ಕ್ಷಣದಲ್ಲಿ ಹೆಪ್ಪುಗಟ್ಟುತ್ತದೆ. ಒಳಗಿನ ದ್ರವ ಆ ಸಿಪ್ಪೆಯನ್ನು ಒಡೆದುಕೊಂಡು ಮತ್ತೊಂದು ಉಂಡೆಯಾಗಿ ಹೊರಬರುತ್ತದೆ. ಹೀಗೆ ಉಂಡೆಯ ಮೇಲೆ ಉಂಡೆ ಪೇರಿಕೊಳ್ಳುತ್ತದೆ. ಈ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಕೋಟೆಯ ಬೆಟ್ಟವನ್ನೇ ಕಡಲಿನ ಕಲ್ಲೆಂದು ಹೇಳಿಬಿಡುವ ಉತ್ಸಾಹಿಗಳೂ ಇದ್ದಾರೆ. ಅದು ಸರಿಯಲ್ಲ, ಏಳು ಸುತ್ತಿನ ಕೋಟೆ ನಿಂತಿರುವುದು ನೆಲದಾಳದಲ್ಲಿ ನಿಧಾನವಾಗಿ ತಣಿದ ಗ್ರಾನೈಟ್‌ನ ಮೇಲೆ.

ಮರಡಿಹಳ್ಳಿಗೆ ಹೋಗುವಾಗ ಸುತ್ತಿಗೆಯನ್ನು ಒಯ್ಯಬೇಡಿ. ಅದು ಸಂರಕ್ಷಿತ ತಾಣ. ಚೂರು ಒಡೆದು ತರುವುದರಿಂದ ತಾಣಕ್ಕೆ ಹಾನಿಯಾಗುವುದಲ್ಲದೆ, ಸ್ಥಳದಿಂದ ಬೇರ್ಪಟ್ಟ ಚೂರು ನಿಮ್ಮ ಕಲಿಕೆಗೆ ಪ್ರಯೋಜನಕ್ಕೂ ಬರುವುದಿಲ್ಲ. ಗಟ್ಟಿ ರಟ್ಟಿನ ನೋಟುಪುಸ್ತಕ, ಪೆನ್ಸಿಲ್, ಅಳತೆಪಟ್ಟಿ, ದಿಕ್ಸೂಚಿ, ಕೈಮಸೂರ ಮತ್ತು ಮೊಬೈಲು ಸಾಕು. ಮೊದಲು ದಿನಾಂಕ, ಸಮಯ, ಅಕ್ಷಾಂಶ ರೇಖಾಂಶ, ಜೊತೆಯಲ್ಲಿ ಯಾರಿದ್ದರು ಎಂಬುದನ್ನು ಬರೆದುಕೊಳ್ಳಿ. ಬಳಿಕ ಒಂದು ಸಣ್ಣ ಭಾಗವನ್ನು ಆರಿಸಿಕೊಂಡು ಅಲ್ಲಿನ ಪ್ರತಿಯೊಂದು ದಿಂಬಿನ ಉದ್ದ, ಅಗಲ ಮತ್ತು ಉದ್ದನೆಯ ಅಕ್ಷದ ದಿಕ್ಕನ್ನು ಅಳೆದು ಬರೆಯಿರಿ. ಅಂಚಿನ ಪದರ ಒಳಭಾಗಕ್ಕಿಂತ ನಯವಾಗಿದೆಯೇ, ಅನಿಲದ ಗುಳ್ಳೆಗಳ ಗುರುತು ಕಾಣುತ್ತದೆಯೇ, ದಿಂಬುಗಳ ನಡುವಿನ ಸಂದಿಯಲ್ಲಿ ಬೇರೆ ಬಗೆಯ ಕಲ್ಲು ತುಂಬಿದೆಯೇ ಎಂದು ಗಮನಿಸಿ. ಮೂಲ ಸ್ಥಿತಿಯಲ್ಲಿ ದಿಂಬಿನ ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ಚೂಪಾಗಿ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದಿರುತ್ತದೆ. ಈ ಗುರುತಿನಿಂದ ಅಂದಿನ ಕಡಲತಳದ ಮೇಲ್ಮುಖ ಯಾವ ಕಡೆಗಿತ್ತೆಂದು ಹೇಳಬಹುದು. ಮುಂದೆ ಈ ಪದರಗಳು ಮಡಿಕೆಯಾಗಿ, ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ರೂಪಾಂತರಗೊಂಡಿರುವುದರಿಂದ, ಇಂದು ನಿಮ್ಮ ಕಣ್ಣಿಗೆ ಮೇಲೆ ಎಂದು ಕಾಣುವುದು ಅಂದಿನ ಮೇಲಲ್ಲದೆ ಇರಬಹುದು. ಛಾಯಾಚಿತ್ರ ತೆಗೆಯುವಾಗ ಪ್ರತಿಯೊಂದರಲ್ಲೂ ಅಳತೆಪಟ್ಟಿಯೂ ದಿಕ್ಕಿನ ಗುರುತೂ ಇರಲಿ. ಅವಿಲ್ಲದ ಚಿತ್ರವನ್ನು ಸ್ನೇಹಿತರಿಗೆ ಕಳುಹಿಸಬಹುದು, ತಂಡದ ಸಭೆಗೆ ಒಯ್ಯಲಾಗದು.

ಕಬ್ಬಿಣದ ಪಟ್ಟೆಶಿಲೆಗಳನ್ನೂ ನೋಡಿ. ಭೀಮಸಮುದ್ರದ ಸುತ್ತಿನ ಕಬ್ಬಿಣದ ಅದಿರನ್ನು ನಾವು ಲಾರಿಗಳ ಸಾಲು ಮತ್ತು ಕೆಂಪು ಧೂಳಿನಿಂದ ಬಲ್ಲೆವು; ಅದರ ಮೂಲ ಮಾತ್ರ ಸಮುದ್ರ. ವಾತಾವರಣದಲ್ಲಿ ಆಮ್ಲಜನಕ ಗಣನೀಯವಾಗಿ ಹೆಚ್ಚಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅದಕ್ಕೆ ಮುಂಚಿನ ಕಡಲುಗಳಲ್ಲಿ ಕಬ್ಬಿಣ ಕರಗಿದ ಸ್ಥಿತಿಯಲ್ಲಿ ಧಾರಾಳವಾಗಿತ್ತು. ಇಂದಿನ ಸಾಗರದ ಆಮ್ಲಜನಕಭರಿತ ನೀರಿನಲ್ಲಿ ಕಬ್ಬಿಣ ಹಾಗೆ ಕರಗಿ ನಿಲ್ಲುವುದಿಲ್ಲ. ಆ ಕಬ್ಬಿಣ ಆಕ್ಸೈಡ್ ಆಗಿ ತಳಕ್ಕಿಳಿದು, ಸಿಲಿಕಾದ ಪದರಗಳೊಡನೆ ಪಟ್ಟೆಪಟ್ಟೆಯಾಗಿ ಶೇಖರವಾಯಿತು. ಕಿಸೆಯಲ್ಲೊಂದು ಸಣ್ಣ ಅಯಸ್ಕಾಂತವಿದ್ದರೆ ಮ್ಯಾಗ್ನೆಟೈಟ್ ಇರುವ ಪಟ್ಟೆಯನ್ನು ಸುಲಭವಾಗಿ ಗುರುತಿಸಬಹುದು. ಗಣಿಯೊಳಗೆ ಅನುಮತಿಯಿಲ್ಲದೆ ಕಾಲಿಡಬೇಡಿ. ರಸ್ತೆಗಾಗಿ ಕಡಿದ ಅಂಚುಗಳಲ್ಲೇ ನೋಡಲು ಬೇಕಾದಷ್ಟು ಇರುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಘಟ್ಟಿಹೊಸಹಳ್ಳಿಯ ಬೇರೈಟ್ (ಬೇರಿಯಂ ಸಲ್ಫೇಟ್ ಖನಿಜ) ಪದರಗಳು ಇನ್ನೂ ಹಳೆಯವು. ಅತಿ ಪ್ರಾಚೀನ ಸಮುದ್ರದಲ್ಲಿ ಸಲ್ಫೇಟ್ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರ ಹುಡುಕುವವರು ಅವುಗಳಲ್ಲಿನ ಗಂಧಕದ ಐಸೋಟೋಪ್‌ಗಳನ್ನು, ಎಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು, ಅಳೆದಿದ್ದಾರೆ.

ಎರಡನೆಯ ಅಭ್ಯಾಸ: ಕೆರೆಯ ಹೂಳು

ಕಡಲತಳದ ಕೆಸರನ್ನು ಕೊಳವೆಯಲ್ಲಿ ಮೇಲೆತ್ತಿ, ಉದ್ದಕ್ಕೆ ಸೀಳಿ, ಪದರ ಪದರವಾಗಿ ವಿವರಿಸುವುದು ಈ ವಿದ್ಯೆಯ ತಳಪಾಯ. ಆ ಕೊಳವೆಯ ಕೆಸರಿಗೆ ಕೋರ್ ಎನ್ನುತ್ತಾರೆ. ಅದರ ವಿವರಣೆಯನ್ನು ಅಭ್ಯಾಸ ಮಾಡಲು ನಮ್ಮ ಕಡೆಯ ಕೆರೆಗಳು ಸಾಲದೆ ಹೋಗುವುದಿಲ್ಲ. ಬೇಸಿಗೆಯಲ್ಲಿ ಒಣಗಿದ ಕೆರೆಯಿಂದ ರೈತರು ಹೊಲಕ್ಕೆ ಗೋಡುಮಣ್ಣು ಒಯ್ಯುವಾಗ, ಅಥವಾ ಹೂಳೆತ್ತುವ ಕಾಮಗಾರಿ ನಡೆಯುವಾಗ, ಗುಂಡಿಯ ಅಂಚಿನಲ್ಲಿ ಹೂಳಿನ ಪದರಗಳು ನೇರವಾಗಿ ಕಾಣಸಿಗುತ್ತವೆ. ಕೆಲಸ ಮಾಡುತ್ತಿರುವವರನ್ನು ಕೇಳಿ, ಆಳವಿಲ್ಲದ ಮತ್ತು ಕುಸಿಯದ ಅಂಚನ್ನು ಆರಿಸಿಕೊಂಡು, ಮೇಲಿನಿಂದ ಕೆಳಕ್ಕೆ ಅಳತೆಪಟ್ಟಿ ಇಳಿಬಿಡಿ. ಆ ಮೇಲೆ ಬಾಣಲಿಯ ಅಂಚಿನಂಥ ಯಾವುದಾದರೂ ಹರಿತ ತಗಡಿನಿಂದ ಮುಖವನ್ನು ಹೆರೆದು ಶುಚಿಮಾಡಿ, ಬಣ್ಣ ಬದಲಾಗುವ ಪ್ರತಿಯೊಂದು ಆಳವನ್ನೂ ಸೆಂಟಿಮೀಟರ್‌ಗಳಲ್ಲಿ ಬರೆಯಿರಿ. ಪದರದ ಗಡಿ ಗೆರೆ ಎಳೆದಂತಿದೆಯೋ, ಒಂದರೊಳಗೊಂದು ಬೆರೆತಿದೆಯೋ? ಬೆರಳಿನಲ್ಲಿ ಉಜ್ಜಿದಾಗ ಮರಳೋ, ನಯವಾದ ಜೇಡಿಯೋ? ಬೇರು, ಬಸವನಹುಳದ ಚಿಪ್ಪು, ಇದ್ದಿಲು, ಪ್ಲಾಸ್ಟಿಕ್ ಯಾವ ಆಳದಲ್ಲಿವೆ? ಪ್ಲಾಸ್ಟಿಕ್ ಸಿಕ್ಕ ಪದರ ಎಷ್ಟು ಈಚಿನದೆಂದು ಯಾರಾದರೂ ಹೇಳಬಲ್ಲರು; ಕಾಲನಿರ್ಣಯದ ಮೊದಲ ಪಾಠ ಅದೇ.

ನೋಡಿದ್ದನ್ನೂ ಅದರಿಂದ ಊಹಿಸಿದ್ದನ್ನೂ ಬೇರೆ ಬೇರೆ ಕಾಲಂಗಳಲ್ಲಿ ಬರೆಯುವುದು ಈ ಅಭ್ಯಾಸದ ಮುಖ್ಯ ಉದ್ದೇಶ. ‘ಮೂವತ್ತರಿಂದ ಮೂವತ್ನಾಲ್ಕು ಸೆಂಟಿಮೀಟರ್‌ವರೆಗೆ ದಪ್ಪ ಮರಳು’ ಎಂಬುದು ನೋಡಿದ್ದು. ‘ದೊಡ್ಡ ಮಳೆಯ ವರ್ಷ’ ಎಂಬುದು ಊಹೆ. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿದವರ ಟಿಪ್ಪಣಿಯನ್ನು ಐದು ವರ್ಷದ ನಂತರ ಮತ್ತೊಬ್ಬರು ಬಳಸಲಾರರು. ಅದೇ ಪದರವನ್ನು ಸ್ನೇಹಿತರೊಬ್ಬರಿಗೆ ಸ್ವತಂತ್ರವಾಗಿ ವಿವರಿಸಲು ಹೇಳಿ, ಇಬ್ಬರ ಬರಹವನ್ನು ಹೋಲಿಸಿ ನೋಡಿದರೆ ವ್ಯತ್ಯಾಸ ಎಷ್ಟಿರಬಹುದೆಂಬುದು ಆಶ್ಚರ್ಯ ತರುತ್ತದೆ.

ಮೂರನೆಯ ಅಭ್ಯಾಸ: ಆರ್ಗೊ ಅಂಕಿಅಂಶ

ಇಂದಿನ ಸಾಗರವನ್ನು ದಾವಣಗೆರೆಯ ಕೊಠಡಿಯಲ್ಲಿ ಕುಳಿತೇ ಅಭ್ಯಸಿಸಬಹುದು. ಆರ್ಗೊ ಎಂಬ ಅಂತರರಾಷ್ಟ್ರೀಯ ಯೋಜನೆಯಡಿ ಜಗತ್ತಿನ ಸಾಗರಗಳಲ್ಲಿ ಸುಮಾರು 4000 ತೇಲುಯಂತ್ರಗಳು ಕೆಲಸ ಮಾಡುತ್ತಿವೆ. ಒಂದು ಸಾಮಾನ್ಯ ತೇಲುಯಂತ್ರ 1000 ಮೀಟರ್ ಆಳಕ್ಕಿಳಿದು ಪ್ರವಾಹದೊಡನೆ ಸಾಗುತ್ತದೆ, ಬಳಿಕ 2000 ಮೀಟರ್‌ವರೆಗೆ ಇಳಿದು, ಅಲ್ಲಿಂದ ಮೇಲೇರುತ್ತ ಉಷ್ಣತೆ ಮತ್ತು ಲವಣಾಂಶವನ್ನು ಅಳೆದು, ಮೇಲ್ಮೈ ತಲುಪಿದಾಗ ಉಪಗ್ರಹಕ್ಕೆ ಕಳುಹಿಸುತ್ತದೆ. ಈ ಸುತ್ತಿಗೆ ಸುಮಾರು 10 ದಿನ ಹಿಡಿಯುತ್ತದೆ. ಅಂಕಿಅಂಶ ಎಲ್ಲರಿಗೂ ಉಚಿತ. ಭಾರತದ ಪಾಲಿನ ಕೆಲಸವನ್ನು ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ನೋಡಿಕೊಳ್ಳುತ್ತದೆ. ಸಂಶೋಧಕರು ಅದನ್ನು ಇನ್‌ಕಾಯ್ಸ್ ಎಂದೇ ಕರೆಯುತ್ತಾರೆ.

ಅರಬ್ಬಿ ಸಮುದ್ರದ ಒಂದು ತೇಲುಯಂತ್ರವನ್ನೂ ಬಂಗಾಳ ಕೊಲ್ಲಿಯ ಉತ್ತರ ಭಾಗದ ಒಂದನ್ನೂ ಆರಿಸಿಕೊಂಡು, ಒಂದೇ ತಿಂಗಳ ಲವಣಾಂಶವನ್ನು ಆಳದ ಎದುರು ನಕ್ಷೆ ಮಾಡಿ. ಆವಿಯಾಗುವಿಕೆ ಹೆಚ್ಚಾಗಿರುವ ಅರಬ್ಬಿ ಸಮುದ್ರದ ಮೇಲ್ಮೈ ನೀರು ಹೆಚ್ಚು ಉಪ್ಪು. ಗಂಗೆ, ಬ್ರಹ್ಮಪುತ್ರ, ಐರಾವತಿ ನದಿಗಳ ಸಿಹಿನೀರು ಸೇರುವ ಬಂಗಾಳ ಕೊಲ್ಲಿಯ ಮೇಲ್ಮೈ ಕಡಿಮೆ ಉಪ್ಪು. ಇದು ಪುಸ್ತಕದಲ್ಲಿ ಓದಿದ ಮಾತಾಗಿ ಉಳಿಯದೆ ನೀವೇ ಎಳೆದ ಗೆರೆಯಾಗಿ ಕಂಡಾಗ, ಅಂಕಿಅಂಶದೊಡನೆ ಬರುವ ಗುಣಮಟ್ಟದ ಸಂಕೇತಗಳನ್ನು ಏಕೆ ಓದಬೇಕೆಂಬುದೂ ತಿಳಿಯುತ್ತದೆ, ಏಕೆಂದರೆ ಅವನ್ನು ಬಿಟ್ಟವರ ನಕ್ಷೆಯಲ್ಲಿ ಒಂದೆರಡು ಅಸಂಭವ ಬಿಂದುಗಳು ಎದ್ದು ಕಾಣುತ್ತವೆ. ಓಷನ್ ಡೇಟಾ ವ್ಯೂ ಎಂಬ ಉಚಿತ ತಂತ್ರಾಂಶದಿಂದ ಆರಂಭಿಸಬಹುದು. ಆದರೆ ಆದಷ್ಟು ಬೇಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯಿರಿ. ಗಣಿತ ಮತ್ತು ಪ್ರೋಗ್ರಾಮಿಂಗ್ ತಿಳಿದ ಭೂವಿಜ್ಞಾನಿಗೂ ಮಣ್ಣು ಮುಟ್ಟಿ ಬಲ್ಲ ಭೌತವಿಜ್ಞಾನಿಗೂ ಇಂಥ ತಂಡಗಳಲ್ಲಿ ಸದಾ ಬೇಡಿಕೆಯಿದೆ ಎಂಬುದು ನನ್ನ ಅಭಿಪ್ರಾಯ.

ಎಲ್ಲಿ ಓದಬೇಕು

ಬಿ.ಎಸ್ಸಿ.ಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಭೂವಿಜ್ಞಾನ, ಪ್ರಾಣಿವಿಜ್ಞಾನ ಯಾವುದನ್ನು ಓದಿದ್ದರೂ ಈ ಕ್ಷೇತ್ರಕ್ಕೆ ಒಂದಲ್ಲ ಒಂದು ದಾರಿಯಿದೆ. ನಾಡಿನೊಳಗೇ ನೋಡುವುದಾದರೆ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ ವಿಭಾಗವಿದೆ. ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನದ ಅಧ್ಯಯನ ಕಾರವಾರದಲ್ಲಿ ನಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನ ಕೇಂದ್ರವೂ ಭೂವಿಜ್ಞಾನ ಕೇಂದ್ರವೂ ಇವೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಇದೇ ಸಂಸ್ಥೆಯ ಮತ್ತೊಂದು ಆವರಣವಿದೆಯಾದರೂ ಸಾಗರದ ಕೆಲಸಕ್ಕಾಗಿ ಹೋಗಬೇಕಾದದ್ದು ಬೆಂಗಳೂರಿಗೇ. ಹೊರಗೆ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಮತ್ತು ಗೋವಾ ವಿಶ್ವವಿದ್ಯಾಲಯಗಳು ನಮಗೆ ಹತ್ತಿರದವು. ಗೋವೆಯಲ್ಲೇ 1966ರ ಜನವರಿ 1ರಂದು ಸ್ಥಾಪನೆಯಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯೂ, ಧ್ರುವ ಪ್ರದೇಶಗಳ ಮತ್ತು ಸಾಗರದ ಸಂಶೋಧನೆಗೆ ಮೀಸಲಾದ ರಾಷ್ಟ್ರೀಯ ಕೇಂದ್ರವೂ ಇರುವುದರಿಂದ, ವಿಶ್ವವಿದ್ಯಾಲಯದ ತಂಡಗಳು ಅವುಗಳ ಯಂತ್ರ ಮತ್ತು ಹಡಗುಗಳನ್ನು ಹಂಚಿಕೊಳ್ಳುವುದು ರೂಢಿ.

ಎಂ.ಎಸ್ಸಿ.ಗೆ ಐಐಟಿಗಳು ನಡೆಸುವ ಜ್ಯಾಮ್ ಪರೀಕ್ಷೆ ಒಂದು ದಾರಿ. ಪಿಎಚ್.ಡಿ.ಗೆ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಭೂಮಿ, ವಾಯುಮಂಡಲ, ಸಾಗರ ಮತ್ತು ಗ್ರಹ ವಿಜ್ಞಾನಕ್ಕೆ ಪ್ರತ್ಯೇಕ ಪತ್ರಿಕೆಯೇ ಇದೆ. ಅದರಲ್ಲಿ ಫೆಲೋಶಿಪ್ ದೊರೆತರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಹಿರಿಯ ಫೆಲೋ ಆದಾಗ 42,000 ರೂಪಾಯಿ ಎಂಬುದು 2023ರಿಂದ ಜಾರಿಯಲ್ಲಿರುವ ದರ. ಮನೆಬಾಡಿಗೆ ಭತ್ಯೆ ಬೇರೆ. ಮನೆಯವರಿಗೆ ಈ ಲೆಕ್ಕವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ‘ಇನ್ನೂ ಎಷ್ಟು ವರ್ಷ ಓದೋದು’ ಎಂಬ ಪ್ರಶ್ನೆ ಎಲ್ಲರ ಮನೆಯಲ್ಲೂ ಏಳುವಂಥದ್ದೇ.

ತಂಡವನ್ನು ಆರಿಸಿ ಪತ್ರ ಬರೆಯುವುದು

ತಂಡದ ಹೆಸರಿಗಿಂತ ಅದರಿಂದ ಈಚೆಗೆ ಹೊರಬಂದ ಎರಡು ಪಿಎಚ್.ಡಿ. ಪ್ರಬಂಧಗಳನ್ನು ನೋಡಿ ನಿರ್ಧರಿಸುವುದು ಲೇಸು. ಭಾರತದ ಬಹಳಷ್ಟು ಪ್ರಬಂಧಗಳು ಶೋಧಗಂಗಾ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ. ಪ್ರಬಂಧದ ಕೊನೆಯ ತೀರ್ಮಾನಗಳನ್ನು ಬಿಟ್ಟು, ವಿಧಾನದ ಅಧ್ಯಾಯವನ್ನೂ ಅನುಬಂಧದ ಕೋಷ್ಟಕಗಳನ್ನೂ ಓದಿ. ಪ್ರತಿ ಮಾದರಿಯ ಆಳ, ತೂಕ, ಅಳತೆಯ ದೋಷ ಎಲ್ಲವೂ ಅಲ್ಲಿ ದಾಖಲಾಗಿದ್ದರೆ ಆ ತಂಡ ನಿಮಗೆ ಕೆಲಸ ಕಲಿಸುತ್ತದೆ. ಸಾಧ್ಯವಾದರೆ ತಂಡದ ಅತ್ಯಂತ ಕಿರಿಯ ಸದಸ್ಯರೊಡನೆ ಮಾತನಾಡಿ. ಯಂತ್ರ ಬಳಸಲು ಎಷ್ಟು ಕಾಯಬೇಕು, ವಾರದ ಸಭೆಯಲ್ಲಿ ಕಿರಿಯರು ಪ್ರಶ್ನೆ ಕೇಳುತ್ತಾರೆಯೇ, ಸಮುದ್ರಯಾನಕ್ಕೆ ಯಾರನ್ನು ಆರಿಸುತ್ತಾರೆ ಎಂಬ ಮೂರು ಪ್ರಶ್ನೆಗಳು ಸಾಕು.

ಪ್ರಾಧ್ಯಾಪಕರಿಗೆ ಬರೆಯುವ ಪತ್ರ ಒಂದು ಪುಟ ಮೀರಬಾರದು. ‘ನಿಮ್ಮ ಮಹತ್ವದ ಸಂಶೋಧನೆಯಿಂದ ಪ್ರಭಾವಿತನಾಗಿ’ ಎಂದು ಎಲ್ಲರೂ ಆರಂಭಿಸುವುದರಿಂದ ಆ ಸಾಲನ್ನು ಕೈಬಿಡಿ. ಅದರ ಬದಲು ಅವರ ಲೇಖನವೊಂದರ ನಿರ್ದಿಷ್ಟ ಚಿತ್ರವನ್ನೋ ಕೋಷ್ಟಕವನ್ನೋ ಹೆಸರಿಸಿ, ಅದರ ಬಗ್ಗೆ ನಿಮಗೆ ಹುಟ್ಟಿದ ಒಂದು ಪ್ರಶ್ನೆಯನ್ನು ಬರೆಯಿರಿ. ಆ ಮೇಲೆ ಮರಡಿಹಳ್ಳಿಯಲ್ಲಿ ಮಾಡಿದ ಅಳತೆ, ಕೆರೆಯ ಹೂಳಿನ ವಿವರಣೆ ಅಥವಾ ಆರ್ಗೊ ನಕ್ಷೆಯನ್ನು ಒಂದೇ ಕಡತವಾಗಿ ಲಗತ್ತಿಸಿ. ಅಂಕಪಟ್ಟಿಗಿಂತ ಈ ಕಡತ ಹೆಚ್ಚು ಮಾತನಾಡುತ್ತದೆ. ಉತ್ತರ ಬಾರದಿದ್ದರೆ ಎರಡು ಮೂರು ವಾರ ಬಿಟ್ಟು ಒಮ್ಮೆ ನೆನಪಿಸಿ. ಮೂರನೆಯ ಸಲ ಬೇಡ. ಬೇಸಿಗೆಯ ಎರಡು ತಿಂಗಳ ತರಬೇತಿಗೆ ಭಾರತದ ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ನೀಡುವ ಫೆಲೋಶಿಪ್‌ಗೂ ಅರ್ಜಿ ಹಾಕಿ. ತಂಡವೂ ನೀವೂ ಪರಸ್ಪರ ಪರೀಕ್ಷಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರು ಭಾಷೆಯ ಅಳುಕನ್ನು ಇಟ್ಟುಕೊಳ್ಳುವುದು ಬೇಡ. ಹೊರಾಂಗಣದ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದು, ಮಾದರಿಯ ಸಂಖ್ಯೆ ಮತ್ತು ಏಕಮಾನಗಳನ್ನು ಮಾತ್ರ ತಂಡದ ಪದ್ಧತಿಯಂತೆ ಬರೆದರೆ ಯಾರಿಗೂ ತೊಂದರೆಯಾಗದು.

ಮೊದಲ ವರ್ಷ: ಪ್ರಯೋಗಾಲಯ

ಗತಕಾಲದ ಕವಲಿಗೆ ಸೇರಿದವರ ಕೈಗೆ ಮೊದಲು ಬರುವುದು ಯಂತ್ರವಲ್ಲ, ಜರಡಿ. ಕೋರ್‌ನಿಂದ ಸಾಮಾನ್ಯವಾಗಿ ಸೆಂಟಿಮೀಟರಿಗೊಂದರಂತೆ ಕತ್ತರಿಸಿದ ಕೆಸರಿನ ತುಣುಕನ್ನು ಒಣಗಿಸಿ, ತೂಗಿ, ನೆನೆಸಿ, 63 ಮೈಕ್ರಾನ್ ಜರಡಿಯ ಮೇಲೆ ಸಣ್ಣ ಧಾರೆಯಲ್ಲಿ ತೊಳೆಯಬೇಕು. ಜರಡಿಯಲ್ಲಿ ಉಳಿದದ್ದನ್ನು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಒದ್ದೆ ಕುಂಚದ ತುದಿಯಿಂದ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪುಗಳನ್ನು ಒಂದೊಂದಾಗಿ ಎತ್ತಬೇಕು. ಹೆಚ್ಚಿನವು ರಾಗಿ ಕಾಳಿಗಿಂತ ಚಿಕ್ಕವು. ಯಾವ ಪ್ರಭೇದ ಎಷ್ಟು ಶೇಕಡಾ ಇದೆ ಎಂದು ತಿಳಿಯಲು ಪ್ರತಿ ಮಾದರಿಯಲ್ಲಿ ಸುಮಾರು 300 ಚಿಪ್ಪುಗಳನ್ನು ಎಣಿಸುವ ವಾಡಿಕೆಯಿದೆ. ಬೇಸರದ ಕೆಲಸವೆಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬೆನ್ನು ನೇರವಾಗುವಂಥ ಕುರ್ಚಿಯನ್ನು ಕೇಳಿ ಪಡೆಯಿರಿ, ಗಂಟೆಗೊಮ್ಮೆ ಕಣ್ಣಿಗೆ ಬಿಡುವು ಕೊಡಿ, ಹಾಗೂ ಒಂದು ಮಾದರಿ ಮುಗಿದ ಮೇಲೆ ಜರಡಿಯನ್ನು ಬಣ್ಣದ ದ್ರಾವಣದಲ್ಲಿ ಅದ್ದಿ ತೊಳೆಯುವ ಪದ್ಧತಿ ತಂಡದಲ್ಲಿದ್ದರೆ ಅದನ್ನು ಎಂದೂ ತಪ್ಪಿಸಬೇಡಿ. ಜರಡಿಯ ಕಣ್ಣಿನಲ್ಲಿ ಸಿಕ್ಕಿಬಿದ್ದ ಹಿಂದಿನ ಮಾದರಿಯ ಚಿಪ್ಪುಗಳಿಗೆ ಆಗ ಬಣ್ಣ ಹತ್ತಿರುವುದರಿಂದ ಅವು ಮುಂದಿನ ಮಾದರಿಗೆ ಬೆರೆತರೂ ಪತ್ತೆಯಾಗುತ್ತವೆ.

ಈ ಎಣಿಕೆಯಿಂದ ಸಿಗುವ ತಿಳಿವಳಿಕೆ ನಮ್ಮ ಕಡೆಯವರಿಗೆ ದೂರದ್ದಲ್ಲ. ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಎಂಬ ಪ್ರಭೇದ ಅರಬ್ಬಿ ಸಮುದ್ರದ ಪಶ್ಚಿಮ ಭಾಗದಲ್ಲಿ, ನೈಋತ್ಯ ಮುಂಗಾರಿನ ಗಾಳಿ ಬಲವಾಗಿ ಬೀಸಿ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬಂದಾಗ ಹೆಚ್ಚುತ್ತದೆ. ಕೆಸರಿನ ಪದರಗಳಲ್ಲಿ ಅದರ ಪ್ರಮಾಣ ಏರಿಳಿದಿರುವುದನ್ನು ನೋಡಿ ಸಾವಿರಾರು ವರ್ಷಗಳ ಮುಂಗಾರು ಗಾಳಿಯ ಬಲಾಬಲವನ್ನು ಅಂದಾಜು ಮಾಡುತ್ತಾರೆ. ಮಳೆನೆರಳಿನ ಚಳ್ಳಕೆರೆ, ಹಿರಿಯೂರಿನ ಶೇಂಗಾ ಬೆಳೆಗಾರರು ಪ್ರತಿ ಜೂನ್‌ನಲ್ಲಿ ಕೇಳುವ ಪ್ರಶ್ನೆಯ ಹಳೆಯ ಅಧ್ಯಾಯಗಳು ಹೀಗೆ ಕಡಲತಳದಲ್ಲಿವೆ. ಆದರೆ ಗಾಳಿ ಬಲವಾಗಿದ್ದ ಮಾತ್ರಕ್ಕೆ ಒಳನಾಡಿನಲ್ಲಿ ಮಳೆ ಹೆಚ್ಚಿತ್ತೆಂದು ನೇರವಾಗಿ ಹೇಳಲಾಗದು. ಈ ಎಚ್ಚರ ತಪ್ಪಿದ ವಾಕ್ಯಗಳನ್ನು ಸಭೆಯಲ್ಲಿ ಯಾರಾದರೂ ಹಿಡಿದೇ ಹಿಡಿಯುತ್ತಾರೆ.

ಚಿಪ್ಪಿನಲ್ಲಿರುವ ಆಮ್ಲಜನಕದ ಐಸೋಟೋಪ್‌ಗಳ ಅಳತೆಗೂ ಇದೇ ಬಗೆಯ ಎಚ್ಚರ ಬೇಕು. ನೀರು ತಣ್ಣಗಾದಂತೆ ಚಿಪ್ಪಿನಲ್ಲಿ ಆಮ್ಲಜನಕ-18ರ ಪಾಲು ಹೆಚ್ಚುತ್ತದೆ. ಸುಮಾರು 4ರಿಂದ 5 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಸಾವಿರಕ್ಕೆ ಒಂದು ಪಾಲು. ಆದರೆ ನೆಲದ ಮೇಲೆ ಹಿಮದ ಹಾಳೆಗಳು ಬೆಳೆದಾಗಲೂ, ನೀರಿನ ಲವಣಾಂಶ ಹೆಚ್ಚಿದಾಗಲೂ ಅದೇ ಪಾಲು ಹೆಚ್ಚುತ್ತದೆ. ಸುಮಾರು 21 ಸಾವಿರ ವರ್ಷಗಳ ಹಿಂದೆ ಹಿಮಯುಗ ತನ್ನ ತುದಿ ಮುಟ್ಟಿದ್ದಾಗ ಸಮುದ್ರಮಟ್ಟ ಇಂದಿಗಿಂತ 120 ಮೀಟರಿಗೂ ಹೆಚ್ಚು ತಗ್ಗಿತ್ತು. ಆ ಕಾಲದ ಚಿಪ್ಪಿನ ಅಂಕಿಯಲ್ಲಿ ತಂಪಿನ ಪಾಲೆಷ್ಟು, ಹಿಮದ ಪಾಲೆಷ್ಟು ಎಂದು ಬಿಡಿಸಲು ಚಿಪ್ಪಿನ ಮೆಗ್ನೀಷಿಯಂ–ಕ್ಯಾಲ್ಸಿಯಂ ಪ್ರಮಾಣದಂಥ ಮತ್ತೊಂದು ಅಳತೆಯನ್ನು ಜೊತೆಗಿಟ್ಟುಕೊಳ್ಳಬೇಕಾಗುತ್ತದೆ.

ಕಾಲದ ಲೆಕ್ಕವನ್ನೂ ಮೊದಲ ವರ್ಷದಲ್ಲೇ ಕೈವಶ ಮಾಡಿಕೊಳ್ಳಿ. ಇಂಗಾಲ-14ರ ಅರ್ಧಾಯುಷ್ಯ 5730 ವರ್ಷ. ಸುಮಾರು 50 ಸಾವಿರ ವರ್ಷದಾಚೆಗೆ ಅದು ಉಪಯೋಗಕ್ಕೆ ಬಾರದು. ಕಡಲ ನೀರಿನಲ್ಲಿ ಹಳೆಯ ಇಂಗಾಲ ಬೆರೆತಿರುವುದರಿಂದ ಚಿಪ್ಪು ತನ್ನ ನಿಜವಾದ ವಯಸ್ಸಿಗಿಂತ ಕೆಲವು ಶತಮಾನ ಹಳೆಯದಾಗಿ ತೋರುತ್ತದೆ, ಆ ವ್ಯತ್ಯಾಸವನ್ನು ಕಳೆಯಬೇಕು. ಸಾವಿರ ವರ್ಷಕ್ಕೆ 3 ಸೆಂಟಿಮೀಟರ್ ಕೆಸರು ಬೀಳುವ ಕಡೆ ಒಂದು ಸೆಂಟಿಮೀಟರ್ ತುಣುಕಿನಲ್ಲಿ ಸುಮಾರು 330 ವರ್ಷಗಳಿರುತ್ತವೆ. ತಳದ ಹುಳುಗಳು ಅದನ್ನು ಇನ್ನಷ್ಟು ಕಲಸಿರುತ್ತವೆ. ಹೀಗಿರುವಾಗ ಆ ಕೋರ್‌ನಿಂದ ಹತ್ತು ವರ್ಷದ ಬರಗಾಲವನ್ನು ಕಂಡೆನೆಂದು ಹೇಳುವುದು ಸಾಧ್ಯವಿಲ್ಲ.

ಹಡಗಿನ ಮೇಲೆ

ಎಲ್ಲರಿಗೂ ಸಮುದ್ರಯಾನದ ಅವಕಾಶ ಸಿಗುವುದಿಲ್ಲ, ಸಿಗದಿದ್ದರೂ ಕೆಲಸ ನಿಲ್ಲುವುದಿಲ್ಲ. 1983ರಿಂದ ಕೆಲಸ ಮಾಡಿದ ಸಾಗರಕನ್ಯಾ, ಈಚಿನ ಸಿಂಧುಸಾಧನಾ ಮೊದಲಾದ ಹಡಗುಗಳು ತಂದ ಎಷ್ಟೋ ಕೋರ್‌ಗಳು ಭಂಡಾರಗಳಲ್ಲಿವೆ. 2014–15ರಲ್ಲಿ ಜಾಯ್ಡ್ಸ್ ರೆಸಲ್ಯೂಷನ್ ಹಡಗು ಬಂಗಾಳ ಕೊಲ್ಲಿಯಲ್ಲೂ ಅರಬ್ಬಿ ಸಮುದ್ರದಲ್ಲೂ ಮುಂಗಾರಿನ ಇತಿಹಾಸಕ್ಕಾಗಿ ತಳವನ್ನು ಕೊರೆದು ತಂದ ಕೋರ್‌ಗಳನ್ನು ಜಪಾನಿನ ಕೊಚಿ ಕೋರ್ ಕೇಂದ್ರದಲ್ಲಿ ಕಾಪಾಡಿದ್ದಾರೆ. ಸಕಾರಣವಾದ ಅರ್ಜಿ ಸಲ್ಲಿಸಿ ಅಲ್ಲಿಂದ ಮಾದರಿ ಪಡೆಯಬಹುದು.

ಅವಕಾಶ ಸಿಕ್ಕವರು ವೈದ್ಯಕೀಯ ಪ್ರಮಾಣಪತ್ರವನ್ನು ಮುಂಚಿತವಾಗಿಯೇ ಮಾಡಿಸಿಕೊಳ್ಳಲಿ. ಮೊದಲ ಎರಡು ಮೂರು ದಿನ ತಲೆಸುತ್ತು, ವಾಂತಿ ಆಗುವುದು ಸಹಜ; ಹೊಟ್ಟೆ ಖಾಲಿ ಬಿಡದೆ ಒಣ ತಿಂಡಿ ತಿನ್ನುತ್ತ, ವೈದ್ಯರು ಕೊಟ್ಟ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ತೆಗೆದುಕೊಳ್ಳುವುದು ಮೇಲು. ಕೆಲಸ ಪಾಳಿಯಲ್ಲಿ ನಡೆಯುತ್ತದೆ, ನಡುರಾತ್ರಿ ಎರಡು ಗಂಟೆಗೂ ಕೋರ್ ಮೇಲೆ ಬರಬಹುದು. ಕೋರ್ ಕೈಗೆ ಬಂದೊಡನೆ ಮಾಡಬೇಕಾದ ಮೊದಲ ಕೆಲಸ ಯಾವ ತುದಿ ಮೇಲಿನದೆಂದು ಬಾಣದ ಗುರುತು ಹಾಕುವುದು. ಸಂಖ್ಯೆಯನ್ನು ಕೊಳವೆಯ ಮೇಲೂ ಮುಚ್ಚಳದ ಮೇಲೂ ಬರೆಯಿರಿ. ಚೀಲದೊಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನೂ ಹಾಕಿ, ಶಾಯಿ ಅಳಿಸಿಹೋಗುತ್ತದೆ. ಸೀಳಿದ ಕೋರ್‌ನ ಒಂದು ಅರ್ಧವನ್ನು ಮುಂದಿನವರಿಗಾಗಿ ಮುಟ್ಟದೆ ಇಡುವುದು ಸಾಮಾನ್ಯ ನಿಯಮ. ಎಷ್ಟೇ ಕುತೂಹಲವಿದ್ದರೂ, ಹಿರಿಯರೇ ಕೇಳಿದರೂ, ಲಿಖಿತ ಒಪ್ಪಿಗೆಯಿಲ್ಲದೆ ಆ ಅರ್ಧದಿಂದ ಏನನ್ನೂ ತೆಗೆಯಬೇಡಿ.

ತಂಡ ಬಿಡುವಾಗ

ಪ್ರಬಂಧ ಸಲ್ಲಿಸುವ ಅವಸರದಲ್ಲಿ ಬಹಳ ಮಂದಿ ಮರೆಯುವ ಕೆಲಸವಿದು. ಹೊರಡುವುದಕ್ಕೆ ಕನಿಷ್ಠ ಎರಡು ತಿಂಗಳು ಮೊದಲೇ ಉಳಿದ ಮಾದರಿಗಳ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ಎಷ್ಟು ಗ್ರಾಂ ಉಳಿದಿದೆ, ಯಾವ ಅಳತೆ ಮುಗಿದಿದೆ, ಯಾವ ಕಪಾಟಿನ ಯಾವ ಅರೆಯಲ್ಲಿದೆ ಎಂದು ಬರೆಯಿರಿ. ವಿಫಲವಾದ ಅಳತೆಗಳನ್ನು ಅಳಿಸಿಹಾಕದೆ ಕಾರಣ ಸಹಿತ ಉಳಿಸಿ, ಏಕೆಂದರೆ ಮುಂದೆ ಬರುವವರು ಅದೇ ಆಳದ ಮಾದರಿಯನ್ನು ಮತ್ತೆ ವ್ಯರ್ಥ ಮಾಡುವುದು ತಪ್ಪುತ್ತದೆ. ಅಂಕಿಅಂಶವನ್ನು ಪ್ಯಾಂಜಿಯಾದಂಥ ಸಾರ್ವಜನಿಕ ಭಂಡಾರಕ್ಕೆ ಸೇರಿಸುವಾಗ ನಿಮ್ಮೊಡನೆ ಜರಡಿ ಹಿಡಿದವರ, ಯಂತ್ರ ನಡೆಸಿದವರ ಹೆಸರುಗಳನ್ನೂ ದಾಖಲಿಸಿ. ಕೊನೆಗೆ ತಂಡದ ಅತ್ಯಂತ ಕಿರಿಯ ಸದಸ್ಯರನ್ನು ಕರೆದು, ನಿಮ್ಮ ಪಟ್ಟಿಯನ್ನು ಅವರ ಕೈಗೆ ಕೊಟ್ಟು, ನಿಮ್ಮ ಸಹಾಯವಿಲ್ಲದೆ ಯಾವುದಾದರೂ ಮೂರು ಮಾದರಿಗಳನ್ನು ಹುಡುಕಿ ತರಲು ಹೇಳಿ. ಅವರಿಗೆ ಸಿಗದಿದ್ದರೆ ಪಟ್ಟಿಯನ್ನು ತಿದ್ದಿ, ಸಿಕ್ಕರೆ ಸಹಿ ಹಾಕಿ ಒಂದು ಪ್ರತಿಯನ್ನು ಪ್ರಯೋಗಾಲಯದಲ್ಲಿಟ್ಟು ಹೊರಡಿ.